ಒಂದೇ ಸಿಡಿ, ನಾಲ್ಕು ಕಡೆ: ಅಮ್ಮನ ಅನ್ಯೂರಿಸಂಗೆ ತಗೊಂಡ ಸೆಕೆಂಡ್ ಒಪಿನಿಯನ್‌ಗಳ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ. ಇದು ಯಾವುದೋ ಒಂದು ಆಸ್ಪತ್ರೆಯ ರಿವ್ಯೂ ಅಲ್ಲ, ಸೆಕೆಂಡ್ ಒಪಿನಿಯನ್ ಅನ್ನುವ ಸೇವೆಯ ರಿವ್ಯೂ. ಅಮ್ಮನ ಮೆದುಳಿನ ರಕ್ತನಾಳದ ಚಿತ್ರ ಇರುವ ಒಂದೇ ಸಿಡಿ ಹಿಡಿದುಕೊಂಡು ಆರು ವಾರದಲ್ಲಿ ನಾಲ್ಕು ಕಡೆ ಹೋದೆವು. ಮೂರು ಕಡೆ ಮೂರು ಬೇರೆ ಬೇರೆ ಉತ್ತರ ಸಿಕ್ಕಿತು. ಆ ಮೂರೂ ಉತ್ತರ ಯಾಕೆ ಬಂತು ಅಂತ ನಾಲ್ಕನೇ ಕಡೆ ಗೊತ್ತಾಯಿತು. ಯಾರ ಹೆಸರನ್ನೂ ಹಾಕುವುದಿಲ್ಲ. ಆ ಕೋಣೆಯಲ್ಲಿ ಕೂತಾಗ ಏನು ಕೇಳಬೇಕು, ಏನು ತಿಳಿದುಕೊಂಡು ಬರಬೇಕು ಅನ್ನುವುದೇ ನಿಮಗೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಅಮ್ಮನಿಗೆ 61 ವರ್ಷ. ಅರಸೀಕೆರೆಯಲ್ಲಿ ಅಣ್ಣ ಅತ್ತಿಗೆ ಜೊತೆ ಇದ್ದಾರೆ. ಹತ್ತು ವರ್ಷದಿಂದ ಬಿಪಿ ಮಾತ್ರೆ ನಡೆಯುತ್ತಿದೆ. ಹೋದ ವರ್ಷ ಮಳೆಗಾಲದಲ್ಲಿ ತಲೆಸುತ್ತು ಶುರುವಾಯಿತು, ಒಂದು ತಿಂಗಳಾದರೂ ನಿಲ್ಲಲಿಲ್ಲ ಅಂತ ಹಾಸನದಲ್ಲಿ ಎಂಆರ್‌ಐ ಮಾಡಿಸಿದರು. ತಲೆಸುತ್ತು ಕಿವಿಯ ತೊಂದರೆಯಿಂದ ಬಂದದ್ದು, ಎರಡು ವಾರದಲ್ಲಿ ಹೋಯಿತು. ಆದರೆ ರಿಪೋರ್ಟಿನ ಕೊನೆಗೆ ಇನ್ನೊಂದು ಸಾಲು ಇತ್ತು. ಮೆದುಳಿನ ಬಲಗಡೆ, ಮಿಡ್ಲ್ ಸೆರೆಬ್ರಲ್ ಅನ್ನುವ ರಕ್ತನಾಳ ಕವಲೊಡೆಯುವ ಜಾಗದಲ್ಲಿ, 8 ಮಿಲಿಮೀಟರ್ ಅನ್ಯೂರಿಸಂ. ಅಣ್ಣ ಆ ಸಾಲಿನ ಫೋಟೋ ತೆಗೆದು ರಾತ್ರಿ ಹನ್ನೊಂದು ಗಂಟೆಗೆ ನನಗೆ ಕಳಿಸಿದ. ಕೆಳಗೆ "ಇದೇನೇ ಇದು?" ಅಂತ ಅಷ್ಟೇ ಬರೆದಿದ್ದ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ರಕ್ತನಾಳದ ಗೋಡೆ ಒಂದು ಕಡೆ ಸವೆದು, ಹಳೇ ಸೈಕಲ್ ಟ್ಯೂಬ್ ಉಬ್ಬಿದ ಹಾಗೆ ಉಬ್ಬಿದರೆ ಅದು ಅನ್ಯೂರಿಸಂ. ವಯಸ್ಕರಲ್ಲಿ ನೂರಕ್ಕೆ ಸುಮಾರು 3 ಜನರ ತಲೆಯಲ್ಲಿ ಇದು ಇರುತ್ತದೆ. ಬಹಳಷ್ಟು ಜನರಿಗೆ ಜೀವಮಾನವಿಡೀ ಅದು ಗೊತ್ತೇ ಆಗುವುದಿಲ್ಲ. ಒಡೆದರೆ ಮಾತ್ರ ಕಥೆ ಬೇರೆ. ಒಡೆದವರಲ್ಲಿ ಕಡಿಮೆ ಅಂದರೂ ಮೂರನೇ ಒಂದು ಭಾಗ ಜನ ಉಳಿಯುವುದಿಲ್ಲ, ಉಳಿದವರಲ್ಲೂ ಎಷ್ಟೋ ಜನ ಮೊದಲಿನಂತಾಗುವುದಿಲ್ಲ. ಹಾಗಾಗಿ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಸಿಡಿಲು ಬಡಿದ ಹಾಗೆ ಒಂದೇ ಕ್ಷಣದಲ್ಲಿ ಹಿಂದೆಂದೂ ಕಾಣದಂಥ ತಲೆನೋವು ಬಂದರೆ, ಜೊತೆಗೆ ವಾಂತಿ ಬಂದರೆ, ಕುತ್ತಿಗೆ ಬಿಗಿದರೆ, ನೇರ ಎಮರ್ಜೆನ್ಸಿಗೆ ಓಡಿ. ಸೆಕೆಂಡ್ ಒಪಿನಿಯನ್‌ಗೆಲ್ಲ ಆಗ ಟೈಂ ಇಲ್ಲ. ನಾನು ಬರೆಯುತ್ತಿರುವುದು ಒಡೆಯದೆ ಇರುವ, ಯೋಚನೆ ಮಾಡಲು ಸಮಯ ಇರುವ ಅನ್ಯೂರಿಸಂ ಬಗ್ಗೆ.

ದಾರಿಗಳು ಮುಖ್ಯವಾಗಿ ಮೂರು. ಒಂದು, ತಲೆಬುರುಡೆ ತೆರೆದು ಉಬ್ಬಿನ ಬುಡಕ್ಕೆ ಪುಟ್ಟ ಕ್ಲಿಪ್ ಹಾಕುವುದು. ಅಮೆರಿಕದ ವಾಲ್ಟರ್ ಡ್ಯಾಂಡಿ 1937ರಲ್ಲಿ ಮೊದಲು ಮಾಡಿದ್ದು. ಎರಡು, ತೊಡೆಸಂದಿಯಿಂದಲೋ ಮಣಿಕಟ್ಟಿನಿಂದಲೋ ರಕ್ತನಾಳದೊಳಗೇ ಸಣ್ಣ ನಳಿಗೆ ತೂರಿಸಿ ಮೆದುಳಿನವರೆಗೆ ಹೋಗಿ, ಉಬ್ಬಿನೊಳಗೆ ಪ್ಲಾಟಿನಂ ಎಳೆ ಸುತ್ತಿ ತುಂಬುವುದು. ಇದಕ್ಕೆ ಕಾಯ್ಲಿಂಗ್ ಅಂತಾರೆ. ಇಟಲಿಯ ಗ್ವಿಡೋ ಗುಲ್ಯೆಲ್ಮಿ ಲಾಸ್ ಏಂಜಲೀಸ್‌ನಲ್ಲಿ 1990ರಲ್ಲಿ ಈಗಿನ ಥರದ ಕಾಯಿಲ್ ಹಾಕಿದರು. ಅದರ ಮುಂದುವರಿಕೆಯಾಗಿ ನಾಳದೊಳಗೆ ಇಡುವ ಜಾಲರಿ ಕೊಳವೆ ಸ್ಟೆಂಟ್, ರಕ್ತ ಉಬ್ಬಿನೊಳಗೆ ನುಗ್ಗದ ಹಾಗೆ ತಿರುಗಿಸುವ ಒತ್ತು ಜಾಲರಿ ಫ್ಲೋ ಡೈವರ್ಟರ್ ಎಲ್ಲ ಬಂದಿವೆ. ಮೂರನೆಯದು ಏನೂ ಮಾಡದೆ ಬಿಪಿ ಹತೋಟಿಯಲ್ಲಿಟ್ಟು, ಬೀಡಿ ಸಿಗರೇಟು ಇದ್ದರೆ ಬಿಟ್ಟು, ಆಗಾಗ ಸ್ಕ್ಯಾನ್ ಮಾಡಿಸಿ ಕಾಯುವುದು.

ಅಮ್ಮನದು ಕಷ್ಟದ ಕೇಸು. ಯಾಕೆ ಅಂತ ಡಾಕ್ಟರೊಬ್ಬರು ಅಮ್ಮನಿಗೇ ಹೇಳಿದ್ದು ನನಗೆ ಮರೆಯುವುದಿಲ್ಲ. "ಚೊಂಬು ನೋಡಿದ್ದೀರಲ್ಲಮ್ಮ, ಹೊಟ್ಟೆ ದೊಡ್ಡದು, ಕತ್ತು ಸಣ್ಣದು. ಅದರೊಳಗೆ ದಾರ ತುಂಬಿದರೆ ಒಳಗೇ ಕೂರುತ್ತೆ. ನಿಮ್ಮದು ಚೊಂಬಲ್ಲ, ಬೋಗುಣಿ. ಬಾಯಿ ಅಗಲ. ತುಂಬಿದ್ದು ಆಚೆ ಬರುತ್ತೆ." ಕತ್ತು 4 ಮಿಲಿಮೀಟರ್‌ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅಗಲ ಅಂತ ಲೆಕ್ಕ. ಅಮ್ಮನದು 5. ಸಾಲದ್ದಕ್ಕೆ ಆ ಕತ್ತಿನ ಅಂಚಿನಿಂದಲೇ ಒಂದು ಸಣ್ಣ ಕವಲು ಹೊರಟಿತ್ತು. ಅದು ಮುಚ್ಚಿಹೋದರೆ ಎಡಗೈ ಬಲ ಹೋಗಬಹುದು.

ಈಗ ಒಂದೊಂದಾಗಿ ಬರುತ್ತೇನೆ.

ಮೊದಲನೇ ಕಡೆ, ಬೆಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆಯ ಸರ್ಜನ್. ಡಿಎಸ್‌ಎ ಅನ್ನುವ ಆಂಜಿಯೋ (ನಾಳಕ್ಕೆ ಡೈ ಬಿಟ್ಟು ಚಿತ್ರ ತೆಗೆಯುವುದು) ಅಲ್ಲೇ ಆಯಿತು. ಮಣಿಕಟ್ಟಿನಿಂದ ಮಾಡಿದರು, ಡೈ ಬಿಟ್ಟಾಗ ಮುಖಕ್ಕೆ ಬಿಸಿ ಹಬೆ ಹೊಡೆದ ಹಾಗಾಯಿತು ಅಂದರು ಅಮ್ಮ, ಅಷ್ಟೇ. ಕೆಲಸ ಅಚ್ಚುಕಟ್ಟು, ಚಿತ್ರ ಸ್ಪಷ್ಟ. ಮುಂದೆ ನಾಲ್ಕೂ ಕಡೆ ನಡೆದದ್ದು ಆ ಚಿತ್ರದಿಂದಲೇ, ಅದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಆಮೇಲಿನ ಏಳು ನಿಮಿಷ ಮಾತ್ರ ಬೇಡವಾಗಿತ್ತು. ಸರ್ಜನ್ ಸ್ಕ್ರೀನ್ ನೋಡಿ, ಅಮ್ಮನ ಕಡೆ ನೋಡದೆ, "ತಲೆಯಲ್ಲಿ ಟೈಂ ಬಾಂಬ್ ಇದೆ, ಮುಂದಿನ ವಾರ ಕ್ಲಿಪ್ಪಿಂಗ್ ಮಾಡೋಣ" ಅಂದರು. ಬೇರೆ ದಾರಿ ಇದೆಯಾ ಅಂದದ್ದಕ್ಕೆ "ಈ ಜಾಗಕ್ಕೆ ಇದೇ" ಅಂದರು. ಅಮ್ಮ ಅವತ್ತಿಂದ ಹತ್ತು ರಾತ್ರಿ ಸರಿಯಾಗಿ ಮಲಗಲಿಲ್ಲ. ಸೀನು ಬಂದರೂ ಮೂಗು ಹಿಡಿದುಕೊಳ್ಳುತ್ತಿದ್ದರು, ಒಡೆದುಬಿಡುತ್ತೆ ಅಂತ. ಡಾಕ್ಟರುಗಳೇ, ದಯವಿಟ್ಟು ಆ ಬಾಂಬ್ ಮಾತು ಆಡಬೇಡಿ. ಕೇಳಿದವರು ಬಿಪಿ ಏರಿಸಿಕೊಂಡೇ ಮನೆಗೆ ಹೋಗುತ್ತಾರೆ.

ಸಿಡಿ ಕೊಡಿ ಅಂದರೆ "ನಾಳೆ ಬನ್ನಿ" ಅಂತ ಎರಡು ಸಲ ವಾಪಸ್ ಕಳಿಸಿದರು. ರೋಗಿಯ ಕಡೆಯವರು ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯಕೀಯ ಪರಿಷತ್ತಿನ 2002ರ ನಿಯಮ ಇದೆ. ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ತಾರೀಕು ಹಾಕಿ, ಕೌಂಟರ್‌ನಲ್ಲಿ ಸೀಲು ಹಾಕಿಸಿಕೊಂಡೆ. ಅವತ್ತೇ ಸಂಜೆ ಸಿಡಿ ಬಂತು. ಒಂದಲ್ಲ, ಎರಡು ಕಾಪಿ ತಗೊಳ್ಳಿ. ಪ್ರಿಂಟ್ ಮಾಡಿದ ಫಿಲಂ ಸಾಲುವುದಿಲ್ಲ. ತಿರುಗಿಸಿ ನೋಡುವ ಪೂರ್ತಿ ಫೈಲ್ ಬೇಕು ಅಂತ ಬಾಯಿಬಿಟ್ಟು ಹೇಳಿ.

ಎರಡನೇ ಕಡೆ, ರಕ್ತನಾಳದೊಳಗಿಂದ ಹೋಗಿ ಚಿಕಿತ್ಸೆ ಮಾಡುವ ಇಂಟರ್‌ವೆನ್ಷನ್ ಡಾಕ್ಟರು. ಮಾತು ಮೃದು, ಸಮಯ ಕೊಟ್ಟರು, ಅಮ್ಮನಿಗೆ ಕೂರಲು ಹೇಳಿ ನೀರು ತರಿಸಿದರು. ತಲೆ ತೆರೆಯುವುದು ಹಳೇ ಕಾಲದ್ದು, ಸ್ಟೆಂಟ್ ಇಟ್ಟು ಕಾಯಿಲ್ ತುಂಬೋಣ, ಮೂರನೇ ದಿನ ಮನೆಗೆ ಹೋಗಬಹುದು ಅಂದರು. ಆಧಾರ ಏನು ಅಂದಾಗ ಐಸಾಟ್ ಅನ್ನುವ ದೊಡ್ಡ ಟ್ರಯಲ್ ಬಗ್ಗೆ ಹೇಳಿದರು. 2002ರಲ್ಲಿ ಬಂದದ್ದು, 2143 ರೋಗಿಗಳು. ಒಂದು ವರ್ಷದ ನಂತರ ತೀರಿಕೊಂಡವರು ಅಥವಾ ಇನ್ನೊಬ್ಬರ ಆಸರೆಯಲ್ಲೇ ಬದುಕುವವರು ಕಾಯಿಲ್ ಕಡೆ 23.7%, ಕ್ಲಿಪ್ ಕಡೆ 30.6%. ಕೇಳಿದರೆ ಅಲ್ಲಿಗೆ ಮುಗಿಯಿತು ಅನ್ನಿಸುತ್ತದೆ ಅಲ್ವಾ? ನಮಗೂ ಹಾಗೇ ಅನ್ನಿಸಿತು. ಅಣ್ಣ ಅಡ್ವಾನ್ಸ್ ಕಟ್ಟಲು ಹೊರಟಿದ್ದ.

ಅವತ್ತು ರಾತ್ರಿ ಕೂತು ಓದಿದೆ. ಐಸಾಟ್ ಮಾಡಿದ್ದು ಅನ್ಯೂರಿಸಂ ಆಗಲೇ ಒಡೆದವರ ಮೇಲೆ. ಅಮ್ಮನದು ಒಡೆದಿಲ್ಲ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಕ್ಲಿಪ್ ಆದರೂ ಸರಿ, ಕಾಯಿಲ್ ಆದರೂ ಸರಿ, ಎರಡೂ ನಡೆಯುತ್ತೆ ಅಂತ ಡಾಕ್ಟರುಗಳಿಗೆ ಅನ್ನಿಸಿದ ರೋಗಿಗಳನ್ನು ಮಾತ್ರ ಆ ಟ್ರಯಲ್‌ಗೆ ಸೇರಿಸಿಕೊಂಡಿದ್ದರು. ಅಮ್ಮನಂಥ ಅಗಲ ಕತ್ತಿನ, ಕವಲು ಹೊರಟ, ಇಲ್ಲಿ ಹಾಕಿದರೆ ಅಲ್ಲಿ ತೊಂದರೆ ಅನ್ನುವಂಥ ಕೇಸುಗಳು ಅದರ ಬಾಗಿಲಿಗೆ ಬರುವುದೇ ಕಷ್ಟ. ಮಿಡ್ಲ್ ಸೆರೆಬ್ರಲ್ ಕವಲಿನವರೂ ಅದರಲ್ಲಿ ಕಡಿಮೆ. ಆ ಡಾಕ್ಟರು ಸುಳ್ಳು ಹೇಳಲಿಲ್ಲ. ಅಂಕಿ ನಿಜ. ಆದರೆ ಅದು ಅಮ್ಮನ ಅಂಕಿ ಅಲ್ಲ, ಅದನ್ನು ಅವರೇ ಹೇಳಬೇಕಿತ್ತು.

ಮೂರನೇದು ಆನ್‌ಲೈನ್ ಸೆಕೆಂಡ್ ಒಪಿನಿಯನ್ ಕಂಪನಿ. ಫೈಲ್ ಅಪ್‌ಲೋಡ್ ಮಾಡಿ, ದುಡ್ಡು ಕಟ್ಟಿ, ಐದನೇ ದಿನ ವಿಡಿಯೋ ಕಾಲ್. ಸೇವೆಯ ಒಳ್ಳೇದು ಮೊದಲು ಹೇಳುತ್ತೇನೆ: ಹೇಳಿದ ಹೊತ್ತಿಗೆ ಸರಿಯಾಗಿ ಕಾಲ್ ಬಂತು, ನಲವತ್ತು ನಿಮಿಷ ಮಾತಾಡಿದರು, ಬರಹದಲ್ಲಿ ರಿಪೋರ್ಟ್ ಕೊಟ್ಟರು. ಅವರ ಸಲಹೆ, ಏನೂ ಮಾಡಬೇಡಿ, ಆರು ತಿಂಗಳಿಗೆ ಸ್ಕ್ಯಾನ್ ಮಾಡಿಸಿ. ಫೇಸಸ್ ಅನ್ನುವ ಲೆಕ್ಕ ಹಾಕಿ ತೋರಿಸಿದರು. 2014ರಲ್ಲಿ ಬಂದ ಲೆಕ್ಕ, ಎಂಟು ಸಾವಿರಕ್ಕೂ ಜಾಸ್ತಿ ರೋಗಿಗಳ ಮಾಹಿತಿ ಒಟ್ಟು ಸೇರಿಸಿ ಮಾಡಿದ್ದು. ಬಿಪಿಗೆ 1, 8 ಮಿಲಿಮೀಟರ್ ಗಾತ್ರಕ್ಕೆ 3, ಆ ಜಾಗಕ್ಕೆ 2, ಒಟ್ಟು 6. ಐದು ವರ್ಷದಲ್ಲಿ ಒಡೆಯುವ ಸಾಧ್ಯತೆ 1.7%. ಅಂದರೆ ಅಮ್ಮನಂಥ ಸಾವಿರ ಜನರಲ್ಲಿ 17 ಜನರಿಗೆ. ಬಾಂಬ್ ಅಂದವರ ಮಾತಿಗೂ ಈ 17ಕ್ಕೂ ಎಷ್ಟು ದೂರ ನೋಡಿ. ಅಮ್ಮ ಅವತ್ತು ಹೊಟ್ಟೆ ತುಂಬ ಊಟ ಮಾಡಿದರು.

ಆದರೆ ಅಲ್ಲೂ ಕೊರತೆ ಇತ್ತು. ಆ ಲೆಕ್ಕಕ್ಕೆ ಉಬ್ಬಿನ ಆಕಾರ ಗೊತ್ತಿಲ್ಲ, ಮೇಲೊಂದು ಸಣ್ಣ ಮೊಳಕೆಯಂಥ ಉಬ್ಬು ಇದ್ದರೆ ಅದನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಐದು ವರ್ಷ ಆದಮೇಲೆ ಏನು ಅಂತ ಹೇಳುವುದಿಲ್ಲ, ಅಮ್ಮನಿಗೆ ಬರೀ 61. ಮತ್ತೆ, ಎಲ್ಲ ಪಟ್ಟಿಗಳೂ ಒಂದೇ ಉತ್ತರ ಕೊಡುವುದಿಲ್ಲ. 2003ರ ಐಸುಯಾ ಅಧ್ಯಯನದಲ್ಲಿ ಮೆದುಳಿನ ಮುಂಭಾಗದ ನಾಳಗಳ 7ರಿಂದ 12 ಮಿಲಿಮೀಟರ್ ಅನ್ಯೂರಿಸಂಗೆ ಐದು ವರ್ಷಕ್ಕೆ 2.6% ಅಂತ ಇದೆ. ಜಪಾನಿನ 2012ರ ಅಧ್ಯಯನದಲ್ಲಿ ಎಲ್ಲ ಗಾತ್ರ ಸೇರಿ ವರ್ಷಕ್ಕೆ 0.95%, ಆದರೆ ಜಪಾನಿನವರಲ್ಲಿ ಒಡೆಯುವುದೇ ಜಾಸ್ತಿ ಅಂತ ಗೊತ್ತಿರುವ ವಿಷಯ. ಚಿಕಿತ್ಸೆಗೂ ಅಪಾಯ ಇದೆ ತಾನೇ? ಒಡೆಯದ ಅನ್ಯೂರಿಸಂಗಳ ಚಿಕಿತ್ಸೆಯನ್ನೆಲ್ಲ ಒಟ್ಟು ಹಾಕಿ ನೋಡಿದ 2019ರ ಲೆಕ್ಕದಲ್ಲಿ ನಾಳದೊಳಗಿನ ಚಿಕಿತ್ಸೆಗೆ ತೊಂದರೆ ಸುಮಾರು 5%, ಸರ್ಜರಿಗೆ ಸುಮಾರು 8%. ಸಾವು ಎರಡರಲ್ಲೂ ಬಹಳ ಕಡಿಮೆ. ಈ ಅಪಾಯ ಇವತ್ತೇ ತಲೆ ಮೇಲೆ ಬರುವಂಥದ್ದು, ಒಡೆಯುವ ಅಪಾಯ ಮುಂದಿನ ಇಪ್ಪತ್ತು ಇಪ್ಪತ್ತೈದು ವರ್ಷಕ್ಕೆ ಹರಡಿಕೊಂಡದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ತೂಗುವುದು?

ಇಷ್ಟು ಹೊತ್ತಿಗೆ ಅಣ್ಣನಿಗೆ ಸಿಟ್ಟು ಬಂದಿತ್ತು. "ಎಲ್ಲ ಅವರವರ ಅಂಗಡಿ ಮಾಲು ಮಾರ್ತಾರೆ ಕಣೇ. ಕತ್ತರಿ ಇರೋನು ಕತ್ತರಿ ಅಂತಾನೆ, ತಂತಿ ಇರೋನು ತಂತಿ ಅಂತಾನೆ" ಅಂದ. ಆ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದೇ ಪೂರ್ತಿ ಸತ್ಯವೂ ಅಲ್ಲ ಅನ್ನುವುದಕ್ಕೇ ನಾನು ಇಷ್ಟುದ್ದ ಬರೆಯುತ್ತಿರುವುದು.

ಕೆನಡಾದಲ್ಲಿ ಮಾಂಟ್ರಿಯಲ್‌ನ ಜಾಂ ರೇಮಂಡ್, ಎಡ್ಮಂಟನ್‌ನ ಟಿಮ್ ಡಾರ್ಸೋ ಅಂತ ಇಬ್ಬರು ಡಾಕ್ಟರು ಇದ್ದಾರೆ. ಅವರ ತಂಡ ವರ್ಷಗಳಿಂದ ಇದೇ ವಿಷಯದ ಹಿಂದೆ ಬಿದ್ದಿದೆ. ಅವರು ಮಾಡುವುದು ಇಷ್ಟು: ಒಂದಷ್ಟು ಅನ್ಯೂರಿಸಂ ಕೇಸುಗಳ ಚಿತ್ರ, ರೋಗಿಯ ವಯಸ್ಸು, ಹಿನ್ನೆಲೆ ಎಲ್ಲ ಒಂದು ಕಟ್ಟು ಮಾಡಿ ಬೇರೆ ಬೇರೆ ಡಾಕ್ಟರುಗಳಿಗೆ ಕಳಿಸುವುದು. ಸರ್ಜನ್ನುಗಳೂ ಇರುತ್ತಾರೆ, ಇಂಟರ್‌ವೆನ್ಷನ್‌ನವರೂ ಇರುತ್ತಾರೆ. ನೀವಾದರೆ ಏನು ಮಾಡುತ್ತೀರಿ ಅಂತ ಕೇಳುವುದು. ಆಮೇಲೆ ಉತ್ತರಗಳು ಎಷ್ಟು ಹೊಂದುತ್ತವೆ ಅಂತ ಕಪ್ಪಾ ಅನ್ನುವ ಅಳತೆಯಲ್ಲಿ ನೋಡುವುದು. ಕಪ್ಪಾ 1 ಬಂದರೆ ಎಲ್ಲರದ್ದೂ ಒಂದೇ ಮಾತು. 0 ಬಂದರೆ ಚೀಟಿ ಎತ್ತಿದರೂ ಅಷ್ಟೇ ಹೊಂದುತ್ತಿತ್ತು ಅಂತ ಅರ್ಥ. 2014ರಲ್ಲಿ ಒಡೆಯದ ಅನ್ಯೂರಿಸಂ ಬಗ್ಗೆ ಅವರು ಹೀಗೆ ಮಾಡಿದಾಗ ಹೊಂದಾಣಿಕೆ ತೀರಾ ಕಡಿಮೆ ಬಂತು. ಚಿಕಿತ್ಸೆ ಬೇಕೋ ಬೇಡವೋ ಅನ್ನುವುದರಲ್ಲೇ ಒಮ್ಮತ ಇರಲಿಲ್ಲ. ಇಂಥ ಪರೀಕ್ಷೆಗಳಲ್ಲಿ ಕೆಲವು ವಾರ ಬಿಟ್ಟು ಅದೇ ಕೇಸನ್ನು ಅದೇ ಡಾಕ್ಟರಿಗೆ, ಕ್ರಮ ಬದಲಿಸಿ, ಮತ್ತೆ ತೋರಿಸುವ ಪದ್ಧತಿಯೂ ಇದೆ. ಒಬ್ಬರೇ ಎರಡು ಸಲ ಒಂದೇ ಮಾತು ಹೇಳುತ್ತಾರಾ ಅಂತ ನೋಡಲು.

ಇದನ್ನು ಓದಿದ ಮೇಲೆ ನನ್ನ ಸಿಟ್ಟು ಇಳಿಯಿತು. ಚಿತ್ರ ನೋಡುತ್ತಿರುವವರಿಗೆ ದುಡ್ಡೂ ಸಿಗುವುದಿಲ್ಲ, ರೋಗಿಯೂ ಎದುರಿಗಿಲ್ಲ, ಆದರೂ ಉತ್ತರ ಬೇರೆ ಬೇರೆ ಅಂದರೆ ಅದು ಬರೀ ದುರಾಸೆ ಅಲ್ಲ. ನಿಜವಾದ ಉತ್ತರ ಇನ್ನೂ ಯಾರ ಹತ್ತಿರವೂ ಇಲ್ಲ. ಚಿಕಿತ್ಸೆ ಮಾಡುವುದಾ ಕಾಯುವುದಾ ಅಂತ ತಿಳಿಯಲು ಅದೇ ರೇಮಂಡ್ ಅವರು ಟೀಮ್ ಅಂತ ಒಂದು ಟ್ರಯಲ್ ಶುರು ಮಾಡಿದ್ದರು. 80 ರೋಗಿಗಳಾಗುವಷ್ಟರಲ್ಲಿ, 2009ರಲ್ಲಿ ನಿಂತುಹೋಯಿತು, ಸಾಕಷ್ಟು ಜನ ಸೇರಲಿಲ್ಲ. ನಮ್ಮ ಬಾಂಬ್ ಡಾಕ್ಟರಿಗೂ "ಏನೂ ಮಾಡಬೇಡಿ" ಡಾಕ್ಟರಿಗೂ ಗಟ್ಟಿಯಾಗಿ ತೋರಿಸಲು ಒಂದೇ ಒಂದು ಕಾಗದ ಇಲ್ಲದಿದ್ದಾಗ, ಇಬ್ಬರೂ ತಾವು ಕಂಡ ರೋಗಿಗಳನ್ನು ನೆನೆದು ಹೇಳುತ್ತಾರೆ. ನನ್ನ ದೂರು ಒಂದೇ. ಮೂವರಲ್ಲಿ ಒಬ್ಬರೂ "ಇದರಲ್ಲಿ ನಮ್ಮೊಳಗೇ ಒಮ್ಮತ ಇಲ್ಲ" ಅಂತ ಹೇಳಲಿಲ್ಲ.

ನಾಲ್ಕನೇ ಕಡೆ ಹೇಳಿದರು.

ಅದು ಜಾಯಿಂಟ್ ಕ್ಲಿನಿಕ್. ವಾರಕ್ಕೊಂದು ದಿನ, ಗುರುವಾರ ಮಧ್ಯಾಹ್ನ. ಕ್ಲಿಪ್ ಹಾಕುವ ಸರ್ಜನ್, ನಾಳದೊಳಗಿಂದ ಹೋಗುವವರು, ನರರೋಗದ ಡಾಕ್ಟರು, ಅರಿವಳಿಕೆಯವರು, ಎಲ್ಲ ಒಂದೇ ಟೇಬಲ್ಲಿನಲ್ಲಿ ಕೂತು ಒಂದೊಂದೇ ಕೇಸು ನೋಡುತ್ತಾರೆ. ಕೊನೆಗೆ ಮನೆಯವರನ್ನು ಒಳಗೆ ಕರೆಯುತ್ತಾರೆ. ನಮ್ಮ ಕಡೆ ತಲೆ ಅಂದ ತಕ್ಷಣ ಎಲ್ಲರೂ ನಿಮ್ಹಾನ್ಸ್ ಅನ್ನುತ್ತಾರಲ್ಲ, ಅಲ್ಲಿ ನ್ಯೂರೋ ಸರ್ಜರಿ ಮತ್ತು ಇಂಟರ್‌ವೆನ್ಷನ್ ರೇಡಿಯಾಲಜಿ ಎರಡೂ ವಿಭಾಗ ಒಂದೇ ಆವರಣದಲ್ಲಿವೆ. ತಿರುವನಂತಪುರದ ಶ್ರೀ ಚಿತ್ರಾ ಆಸ್ಪತ್ರೆಯಲ್ಲೂ ಹಾಗೇ. ಎರಡೂ ಕೈ ಇರುವ ಕಡೆ ಹೋಗುವುದೇ ಮೊದಲ ಕೆಲಸ. ನಾವು ಹೋದದ್ದು ಇನ್ನೊಂದು ಜಾಗ. ಎಲ್ಲಿಗೆ ಹೋದರೂ ನೀವು ಕೇಳಬೇಕಾದದ್ದು, "ಇಬ್ಬರೂ ಕೂತು ಒಟ್ಟಿಗೆ ನೋಡಿ ಹೇಳ್ತೀರಾ?"

ಒಳಗೆ ಹೋದಾಗ ಗೋಡೆ ಮೇಲಿನ ದೊಡ್ಡ ಸ್ಕ್ರೀನಿನಲ್ಲಿ ಅಮ್ಮನ ಮೆದುಳಿನ ನಾಳಗಳು, ಎಲೆ ಉದುರಿದ ಮರದ ಹಾಗೆ. ಇಂಟರ್‌ವೆನ್ಷನ್ ಡಾಕ್ಟರು ಮೌಸ್ ಹಿಡಿದು ನಿಧಾನಕ್ಕೆ ತಿರುಗಿಸಿದರು. ಮುಂದಿನಿಂದ ಗುಂಡಗೆ ಕಂಡ ಉಬ್ಬು ಪಕ್ಕಕ್ಕೆ ತಿರುಗಿದಾಗ ಎರಡು ಹೋಳಾದ ಗೋಡಂಬಿಯ ಹಾಗೆ ಕಂಡಿತು. ಇನ್ನೂ ಸ್ವಲ್ಪ ತಿರುಗಿಸಿ ನಿಲ್ಲಿಸಿ, ಪೆನ್ನಿನ ತುದಿಯಿಂದ ಆ ಸಣ್ಣ ಕವಲನ್ನು ಮುಟ್ಟಿ, "ಇದೇ ನಮಗೆಲ್ಲ ತಲೆನೋವು ಕೊಡ್ತಿರೋದು" ಅಂದರು. ಚೊಂಬು ಬೋಗುಣಿ ಅಂತ ಅಮ್ಮನಿಗೆ ಹೇಳಿದ್ದೂ ಇವರೇ. ಆಮೇಲೆ ಸರ್ಜನ್, ಒಬ್ಬ ಮಧ್ಯವಯಸ್ಸಿನ ಹೆಂಗಸು, ಕುರ್ಚಿ ಎಳೆದುಕೊಂಡು ಅಮ್ಮನ ಮುಂದೆ ಕೂತರು. "ನಿಮಗೆ ಯಾವತ್ತಾದರೂ ಹೊಟ್ಟೆಯಲ್ಲಿ ಹುಣ್ಣು, ರಕ್ತ ಹೋಗಿದ್ದು ಇದೆಯಾ ಅಮ್ಮ?"

ಇತ್ತು! ನಾಲ್ಕು ವರ್ಷದ ಹಿಂದೆ ಅಮ್ಮನಿಗೆ ಹೊಟ್ಟೆಹುಣ್ಣಿನಿಂದ ರಕ್ತ ಹೋಗಿ ಹಾಸನದಲ್ಲಿ ಎರಡು ಬಾಟಲ್ ರಕ್ತ ಕೊಡಿಸಿದ್ದೆವು. ಆ ಪ್ರಶ್ನೆಯನ್ನು ಹಿಂದಿನ ಮೂರು ಕಡೆ ಯಾರೂ ಕೇಳಿರಲಿಲ್ಲ. ನಮಗೂ ಹೇಳಬೇಕು ಅಂತ ಹೊಳೆದಿರಲಿಲ್ಲ, ತಲೆಗೂ ಹೊಟ್ಟೆಗೂ ಏನು ಸಂಬಂಧ ಅಂತ. ಸಂಬಂಧ ಇದೆ. ಸ್ಟೆಂಟ್ ಇಟ್ಟರೆ ಅದರ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಎರಡೂ ತಿಂಗಳುಗಟ್ಟಲೆ ತಗೊಳ್ಳಬೇಕು. ಹುಣ್ಣಾಗಿ ರಕ್ತ ಹೋಗಿದ್ದವರಿಗೆ ಅದು ಕಷ್ಟ. ಸ್ಟೆಂಟ್ ದಾರಿ ಅಲ್ಲಿಗೆ ಅರ್ಧ ಮುಚ್ಚಿತು. ಉಬ್ಬಿನೊಳಗೇ ಕೂರುವ ಬಲೆಬುಟ್ಟಿಯಂಥ ವೆಬ್ ಅನ್ನುವ ಸಾಧನದ ಬಗ್ಗೆಯೂ ಮಾತಾಡಿದರು, ಅದಕ್ಕೆ ಮಾತ್ರೆಯ ಕಾಟ ಕಡಿಮೆ. ಆದರೆ ಅಮ್ಮನ ಕೇಸಿನಲ್ಲಿ ಅದು ಆ ಕವಲಿನ ಬಾಯಿಗೆ ಅಡ್ಡ ಬರಬಹುದು ಅಂತ ಇಂಟರ್‌ವೆನ್ಷನ್‌ನವರೇ ಹೇಳಿದರು. ತಮ್ಮ ಕೈಯಿಂದ ಆಗುವ ಕೆಲಸವನ್ನು ಇದು ನನ್ನಿಂದ ಅಷ್ಟು ಚೆನ್ನಾಗಿ ಆಗಲಿಕ್ಕಿಲ್ಲ ಅಂತ ಎದುರಿಗೇ ಹೇಳಿದ ಆ ಡಾಕ್ಟರಿಗೆ ನಾನು ಜೀವನಪೂರ್ತಿ ಕೃತಜ್ಞಳು.

ಒಮ್ಮತ ಬಂತಾ ಅಂದರೆ, ಇಲ್ಲ. ಇಬ್ಬರು ಕ್ಲಿಪ್ ಅಂದರು. ಇನ್ನೊಬ್ಬ ಕಿರಿಯ ಇಂಟರ್‌ವೆನ್ಷನ್ ಡಾಕ್ಟರು ಬಲೂನ್ ಸಹಾಯದಿಂದ ಕಾಯಿಲ್ ಮಾಡಬಹುದು ಅಂದರು. ನರರೋಗದವರು ಆರು ತಿಂಗಳು ಕಾದು ನೋಡಿದರೂ ತಪ್ಪಿಲ್ಲ ಅಂದರು. ಇದನ್ನೆಲ್ಲ ನಮ್ಮ ಮುಂದೆ ಹೇಳಿದರು. ಒಂದೂವರೆ ಪುಟದ ಕಾಗದದಲ್ಲಿ ಬರೆದೂ ಕೊಟ್ಟರು, ಯಾರು ಏನು ಹೇಳಿದರು, ಯಾಕೆ ಹೇಳಿದರು ಅನ್ನುವುದರ ಸಮೇತ. ಈ ಸೇವೆಗೆ ನಾನು ಐದಕ್ಕೆ ಐದು ಕೊಡುವುದು ಆ ಕಾಗದಕ್ಕೆ. ಮೂರು ವಾರದಿಂದ ಯಾರನ್ನು ನಂಬುವುದು ಅಂತ ಒದ್ದಾಡುತ್ತಿದ್ದ ಅಣ್ಣ ಅದನ್ನು ಎರಡು ಸಲ ಓದಿಸಿಕೊಂಡು, "ಇವರು ಜಗಳನೂ ಬರೆದು ಕೊಟ್ಟಿದ್ದಾರೆ, ಇವರನ್ನ ನಂಬಬಹುದು" ಅಂದ. ಮುಂದೆ ಇನ್ಶೂರೆನ್ಸ್‌ನವರು "ಒಡೆಯದೆ ಇರೋದಕ್ಕೆ ಯಾಕೆ ಆಪರೇಷನ್" ಅಂತ ಕೇಳಿದಾಗಲೂ ಅದೇ ಕಾಗದ ಕೆಲಸಕ್ಕೆ ಬಂತು.

ಕೊರತೆಗಳೂ ಇದ್ದವು. ಸರದಿ ಸಿಗಲು ಮೂರು ವಾರ ಕಾದೆವು. ಹೋದ ದಿನ ಕಾರಿಡಾರಿನಲ್ಲಿ ಮೂರು ಗಂಟೆ, ಕೂರಲು ಜಾಗ ಸಾಲದು, ಅಮ್ಮನಿಗೆ ಒಬ್ಬ ಹುಡುಗ ಎದ್ದು ಜಾಗ ಕೊಟ್ಟ. ಕಾಗದ ಇಂಗ್ಲಿಷಿನಲ್ಲಿ ಮಾತ್ರ. ಅಮ್ಮನಿಗೂ ಅಣ್ಣನಿಗೂ ನಾನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಬೇಕಾಯಿತು. ಮಾತಿನಲ್ಲಿ ಅಷ್ಟು ಚೆನ್ನಾಗಿ ಕನ್ನಡದಲ್ಲಿ ಹೇಳಿದವರು ಬರೆಯುವಾಗಲೂ ಅರ್ಧ ಪುಟ ಕನ್ನಡ ಹಾಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಖರ್ಚಿನ ಅಂದಾಜು ಅವತ್ತೇ ಕೊಡಲಿಲ್ಲ, ಮಾರನೇ ದಿನ ಫೋನ್ ಮಾಡಿ ತಗೊಂಡೆ. ದುಡ್ಡಿನ ವಿಷಯ ಮೊದಲೇ ಕೇಳಿ, ನಾಚಿಕೊಳ್ಳಬೇಡಿ. ಕಾಯಿಲ್, ಸ್ಟೆಂಟ್, ಫ್ಲೋ ಡೈವರ್ಟರ್‌ಗಳಲ್ಲಿ ಸಾಧನದ ಬೆಲೆಯೇ ಲಕ್ಷಗಳ ಮಾತು. ನಮಗೆ ಎರಡನೇ ಕಡೆ ಹೇಳಿದ ಮೊತ್ತ ಕ್ಲಿಪ್ಪಿಂಗಿನ ಹತ್ತಿರ ಹತ್ತಿರ ಎರಡರಷ್ಟಿತ್ತು. ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಯಾವುದಕ್ಕೆ ಎಷ್ಟು ಸಿಗುತ್ತೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿಯೇ ಮುಂದುವರಿಯಿರಿ.

ಕೊನೆಗೆ ತೀರ್ಮಾನ ಅಮ್ಮನದೇ. ಸರ್ಜನ್ ಎಲ್ಲ ಹೇಳಿ ಮುಗಿಸಿ, ನಮ್ಮ ಕಡೆ ತಿರುಗದೆ ಅಮ್ಮನನ್ನೇ ಕೇಳಿದರು, "ನಿಮಗೇನು ಅನ್ಸುತ್ತೆ?" ಅಮ್ಮ ಸೆರಗಿನ ತುದಿ ಸುತ್ತುತ್ತಾ ಸ್ವಲ್ಪ ಹೊತ್ತು ಸುಮ್ನೆ ಇದ್ದರು. "ಕಾಯಬಹುದು ಅಂತೀರ. ಆದ್ರೆ ಗೊತ್ತಾದ ಮೇಲೆ ಇದನ್ನ ಇಟ್ಕೊಂಡು ನಿದ್ದೆ ಮಾಡೋಕೆ ನನ್ನ ಕೈಲಿ ಆಗಲ್ಲ ಡಾಕ್ಟ್ರೇ. ಒಂದ್ಸಲ ಮುಗಿಸಿಬಿಡಿ." ನರರೋಗದ ಡಾಕ್ಟರು ತಲೆಯಾಡಿಸಿ, "ಅದೂ ಒಂದು ಕಾರಣನೇ" ಅಂತ ಬರೆದುಕೊಂಡರು. ಅಮ್ಮನ ನಿದ್ದೆಯೂ ಆ ಕಾಗದದಲ್ಲಿದೆ.

ಆಪರೇಷನ್ ಐದು ಗಂಟೆ ಆಯಿತು. ಕ್ಲಿಪ್ ಹಾಕಿದ ಮೇಲೆ ಹಸಿರಾಗಿ ಹೊಳೆಯುವ ಡೈ ಬಿಟ್ಟು, ಆ ಸಣ್ಣ ಕವಲಿನಲ್ಲಿ ರಕ್ತ ಹರಿಯುತ್ತಿದೆಯಾ ಅಂತ ಮೈಕ್ರೋಸ್ಕೋಪಿನಲ್ಲೇ ನೋಡಿದರಂತೆ. ಮೊದಲು ಹಾಕಿದ ಕ್ಲಿಪ್ ಕವಲನ್ನು ಸ್ವಲ್ಪ ಹಿಂಡುತ್ತಿತ್ತು, ತೆಗೆದು ಇನ್ನೊಂದು ಕೋನದಲ್ಲಿ ಹಾಕಿದೆವು ಅಂತ ಹೊರಗೆ ಬಂದು ಹೇಳಿದರು. ಐಸಿಯುನಲ್ಲಿ ಕಣ್ಣು ಬಿಟ್ಟ ಅಮ್ಮನಿಗೆ ನರ್ಸ್ ಎಡಗೈ ಎತ್ತಿ ಅಂದಾಗ ಎತ್ತಿದರು. ಅಣ್ಣ ಗಾಜಿನ ಆಚೆ ನಿಂತು ಅತ್ತುಬಿಟ್ಟ.

ಆರನೇ ದಿನ ಡಿಸ್ಚಾರ್ಜ್. ಯಾರೂ ಮುಂಚೆ ಹೇಳದೆ ಇದ್ದದ್ದು ಒಂದು: ಕಿವಿಯ ಮೇಲಿನ ಸ್ನಾಯು ಬಿಡಿಸಿ ಮತ್ತೆ ಹೊಲಿದಿರುತ್ತಾರೆ, ಹಾಗಾಗಿ ಬಾಯಿ ಪೂರ್ತಿ ತೆರೆಯಲು ಆಗುವುದಿಲ್ಲ, ಅಗಿದರೆ ದವಡೆ ನೋವು. ಚಪಾತಿ ಮುರಿದು ಕೊಟ್ಟರೂ ಆಗಲಿಲ್ಲ. ನಮ್ಮ ಪುಣ್ಯ, ನಾವು ಮುದ್ದೆ ಉಣ್ಣುವ ಜನ, ಅದನ್ನು ಅಗಿಯುವ ಹಾಗೇ ಇಲ್ಲ. ಬಿಸಿ ಮುದ್ದೆ, ಬಸ್ಸಾರು, ಐದು ವಾರ ಅದರಲ್ಲೇ ಕಳೆದರು. ಕ್ಲಿಪ್ ಟೈಟಾನಿಯಂದು. ಅದರ ಕಾರ್ಡ್ ಕೊಟ್ಟಿದ್ದಾರೆ, ಮುಂದೆ ಯಾವತ್ತು ಎಂಆರ್‌ಐ ಮಾಡಿಸಿದರೂ ಮೊದಲು ತೋರಿಸಬೇಕು. ಅಮ್ಮ ಅದನ್ನು ಆಧಾರ್ ಕಾರ್ಡಿನ ಜೊತೆ ಪರ್ಸಿನಲ್ಲಿಟ್ಟಿದ್ದಾರೆ. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಇಬ್ಬರಿಗೋ ಜಾಸ್ತಿ ಜನಕ್ಕೋ ಇದ್ದರೆ ಉಳಿದವರೂ ಸ್ಕ್ಯಾನ್ ಮಾಡಿಸಬೇಕು ಅಂತಾರೆ. ನಮ್ಮಲ್ಲಿ ಸದ್ಯಕ್ಕೆ ಅಮ್ಮ ಒಬ್ಬರೇ.

ಅಮ್ಮನಿಗೆ ಕ್ಲಿಪ್ ಸರಿಹೋಯಿತು ಅಂತ ನಿಮ್ಮ ಮನೆಯವರಿಗೂ ಅದೇ ಹಾಕಿಸಿ ಅಂತ ನಾನು ಖಂಡಿತ ಹೇಳುವುದಿಲ್ಲ. ಉಬ್ಬು ಮೆದುಳಿನ ಬುಡದಲ್ಲಿ ಬೇಸಿಲರ್ ನಾಳದ ತುದಿಯಲ್ಲಿದ್ದರೆ ತೆರೆದು ತಲುಪುವುದೇ ಕಷ್ಟ, ಅಲ್ಲಿ ಬಹಳ ಜನ ನಾಳದೊಳಗಿನ ದಾರಿಯನ್ನೇ ಹೇಳುತ್ತಾರೆ. 75 ದಾಟಿದವರ 4 ಮಿಲಿಮೀಟರ್ ಉಬ್ಬನ್ನು ಮುಟ್ಟದೆ ಬಿಡುವುದೇ ಒಳ್ಳೇದಿರಬಹುದು. ಪ್ರಶ್ನೆಗಳನ್ನು ಮಾತ್ರ ಕೊಡಬಲ್ಲೆ. ಇದನ್ನು ಹೀಗೇ ಬಿಟ್ಟರೆ ಐದು ವರ್ಷದಲ್ಲಿ ಏನು, ಇಪ್ಪತ್ತು ವರ್ಷದಲ್ಲಿ ಏನು? ನೀವು ಹೇಳುವ ಅಂಕಿ ಒಡೆದವರದ್ದಾ, ಒಡೆಯದವರದ್ದಾ? ಈ ಥರದ ಕತ್ತು, ಈ ಜಾಗ, ನಿಮ್ಮ ಕೈಯಲ್ಲಿ ವರ್ಷಕ್ಕೆ ಎಷ್ಟು ಆಗುತ್ತೆ, ಎಷ್ಟು ಜನರಿಗೆ ತೊಂದರೆ ಆಗಿದೆ? ಆಮೇಲೆ ಯಾವ ಮಾತ್ರೆ, ಎಷ್ಟು ದಿನ? ನಿಮ್ಮ ಜೊತೆಯವರು ಇದಕ್ಕೆ ಬೇರೆ ಏನಾದರೂ ಹೇಳುತ್ತಾರಾ? ಕೊನೇ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವವರ ಹತ್ತಿರ ಇನ್ನೊಂದು ಸಲ ಹೋಗಬೇಡಿ.

ಹೋದ ತಿಂಗಳು ತಿಪಟೂರಿನಿಂದ ಅತ್ತಿಗೆಯ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಅವನ ಅಪ್ಪನಿಗೆ ಬೇಸಿಲರ್ ತುದಿಯಲ್ಲಿ 6 ಮಿಲಿಮೀಟರ್. ಒಬ್ಬರು ಫ್ಲೋ ಡೈವರ್ಟರ್ ಅಂದಿದ್ದಾರೆ, ಇನ್ನೊಬ್ಬರು ಮುಟ್ಟಲೇ ಬೇಡಿ ಅಂದಿದ್ದಾರಂತೆ. "ಅಕ್ಕಾ, ಯಾರು ಸುಳ್ಳು ಹೇಳ್ತಿದ್ದಾರೆ?" ಅಂತ ಕೇಳಿದ. ಇಬ್ಬರೂ ಹೇಳ್ತಿಲ್ಲ ಕಣೋ ಅಂದೆ. ಮೇಲಿನ ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದು ಫೋಟೋ ಕಳಿಸಿದೆ, ಹೊಟ್ಟೆಹುಣ್ಣಿನದ್ದನ್ನೂ ಸೇರಿಸಿ. ಸಿಡಿ ಎರಡು ಕಾಪಿ ಇದೆ, ಬರುವ ಗುರುವಾರ ಅವರ ಸರದಿ.